ಚುಚ್ಚಿದ ಕಿವಿ ಮಾಗುವವರೆಗೆ

ಕನ್ನಡದಲ್ಲಿ ಓಲೆಯೆಂದರೆ ಕಾಗದ. ಓಲೆಯೆಂದರೆ ಕಿವಿಯ ಆಭರಣವೂ ಹೌದು. ಎರಡು ಅರ್ಥಗಳಿಗೂ ಮೂಲ ಒಂದೇ. ತಾಳೆಯ ಗರಿಯ ಮೇಲೆ ಕಂಟದಿಂದ ಬರೆದು ಕಳುಹಿಸಿದಾಗ ಅದು ಪತ್ರವಾಯಿತು. ಅದೇ ಗರಿಯನ್ನು ಸುರುಳಿ ಸುತ್ತಿ ಕಿವಿಯಲ್ಲಿ ಇಟ್ಟಾಗ ಒಡವೆಯಾಯಿತು. ಗರಿ ಹೋಗಿ ಚಿನ್ನ ಬಂದ ಮೇಲೂ ಹೆಸರು ಮಾತ್ರ ಉಳಿದುಕೊಂಡಿತು. ಮುತ್ತೈದೆತನವನ್ನೇ ‘ಓಲೆಭಾಗ್ಯ’ವೆಂದು ಕರೆದ ನಾಡಿನಲ್ಲಿ ಕಿವಿಯ ಆ ಸಣ್ಣ ರಂಧ್ರಕ್ಕೆ ಎಷ್ಟು ಗೌರವವಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಆ ರಂಧ್ರವು ಒಡವೆಗೆ ನೆಲೆಯಾಗುವ ಮೊದಲು ಒಂದು ಗಾಯವಾಗಿರುತ್ತದೆ. ಸಂಭ್ರಮದ ನಡುವೆ ಈ ಮಾತನ್ನು ಮರೆಯುವವರೇ ಹೆಚ್ಚು. ಒಳ್ಳೆಯ ದಿನ ನೋಡುತ್ತಾರೆ, ಸೋದರಮಾವನನ್ನು ಕರೆಸುತ್ತಾರೆ, ಅವನ ತೊಡೆಯ ಮೇಲೆ ಮಗುವನ್ನು ಕೂರಿಸುತ್ತಾರೆ, ಅಕ್ಕಸಾಲಿಗನೋ ವೈದ್ಯನೋ ಕ್ಷಣಮಾತ್ರದಲ್ಲಿ ತನ್ನ ಕೆಲಸವನ್ನು ಪೂರೈಸುತ್ತಾನೆ, ಮಗು ಅತ್ತು ಸುಮ್ಮನಾಗುತ್ತದೆ, ಎಲೆ ಹಾಕಿ ಊಟವಾಗುತ್ತದೆ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಮನೆಯವರ ಭಾವನೆ. ನಿಜವಾಗಿ ಅಂದು ಮುಗಿದದ್ದು ಸೂಜಿಯ ಕೆಲಸ ಮಾತ್ರ. ಮನೆಯವರ ಕೆಲಸ ಅಂದಿನಿಂದ ಆರಂಭವಾಗುತ್ತದೆ. ಚೆನ್ನಾಗಿ ಚುಚ್ಚಿದ ಕಿವಿಯೂ ಕೆಡುವುದುಂಟು. ಅದಕ್ಕೆ ಕಾರಣ ಆಮೇಲಿನ ದಿನಗಳ ಅಸಡ್ಡೆ, ಇಲ್ಲವೆ ಆತುರ.

ಆತುರ ಹೇಗೆ ಬರುತ್ತದೆಂಬುದು ಎಲ್ಲ ಮನೆಗಳಿಗೂ ಗೊತ್ತು. ಚುಚ್ಚಿ ಇಪ್ಪತ್ತು ದಿನವಾಗಿರುತ್ತದೆ. ಬಂಧುಗಳ ಮನೆಯಲ್ಲಿ ಮದುವೆ.

“ಅತ್ತೆ, ಕಿವಿ ಒಣಗಿದ ಹಾಗೆ ಕಾಣುತ್ತದೆ. ನಮ್ಮ ತಾಯಿ ಕೊಟ್ಟ ಜುಮುಕಿಯನ್ನು ನಾಳೆ ಒಂದು ದಿನ ಹಾಕಿ ನೋಡೋಣವೆ?” ಎಂದು ಸೊಸೆ ಕೇಳುತ್ತಾಳೆ.

“ಬೇಡಮ್ಮ, ಒಳಗೆ ಇನ್ನೂ ಹಸಿ ಇದೆ. ಆ ತಂತಿಯನ್ನು ಈಗಲೇ ಮುಟ್ಟಬೇಡ” ಎನ್ನುತ್ತಾರೆ ಅತ್ತೆ.

ಅತ್ತೆಯ ಮಾತು ಹಳೆಯ ಕಾಲದ ಹಟವೆಂದು ಸೊಸೆಗೆ ತೋರಬಹುದು. ಆದರೆ ಈ ಒಂದು ವಿಷಯದಲ್ಲಿ ಅಜ್ಜಿಯರ ಮಾತಿಗೂ ಇಂದಿನ ವೈದ್ಯರ ಮಾತಿಗೂ ಭೇದವಿಲ್ಲ. ಭೇದವಿರುವುದು ಬೇರೆ ಕೆಲವು ಸಂಗತಿಗಳಲ್ಲಿ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದುಕೊಂಡರೆ ಮಗುವಿನ ಕಿವಿಯೂ ಉಳಿಯುತ್ತದೆ, ಮನೆಯ ನೆಮ್ಮದಿಯೂ ಉಳಿಯುತ್ತದೆ.

ಸುಶ್ರುತನ ವಿಧಾನ

ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವು ಕಿವಿ ಚುಚ್ಚುವುದಕ್ಕೂ ಹರಿದ ಕಿವಿಯನ್ನು ಕೂಡಿಸುವುದಕ್ಕೂ ಮೀಸಲಾಗಿದೆ. ಮಗುವಿಗೆ ಆರು ಅಥವಾ ಏಳನೆಯ ತಿಂಗಳು ನಡೆಯುವಾಗ ಅದನ್ನು ದಾದಿಯ ತೊಡೆಯ ಮೇಲೆ ಕೂರಿಸಿ, ಆಟದ ಸಾಮಾನುಗಳಿಂದ ರಮಿಸುತ್ತ, ವೈದ್ಯನು ಎಡಗೈಯಿಂದ ಕಿವಿಯನ್ನು ಎಳೆದು ಹಿಡಿಯಬೇಕು. ಬಿಸಿಲು ಹಾಯ್ದು ಹೊಳೆಯುವ ಸಹಜವಾದ ತಾಣವನ್ನು ಗುರುತಿಸಿ ಬಲಗೈಯಿಂದ ನೇರವಾಗಿ, ನಿಧಾನವಾಗಿ ಚುಚ್ಚಬೇಕು. ತೆಳುವಾದ ಕಿವಿಗೆ ಸೂಜಿ, ದಪ್ಪನಾದ ಕಿವಿಗೆ ದಬ್ಬಳದಂಥ ಸಾಧನ. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ. ರಕ್ತ ಬಹಳ ಬಂದರೆ, ನೋವು ಬಹಳವಾದರೆ ಚುಚ್ಚಿದ ಸ್ಥಳ ತಪ್ಪಿದೆಯೆಂದು ತಿಳಿಯಬೇಕು. ಚುಚ್ಚಿದ ಮೇಲೆ ಹತ್ತಿಯ ಬತ್ತಿಯನ್ನು ಇಟ್ಟು ಎಣ್ಣೆ ಹಾಕಬೇಕು. ಮೂರು ದಿನಕ್ಕೊಮ್ಮೆ ಮೊದಲಿಗಿಂತ ದಪ್ಪನಾದ ಬತ್ತಿಯನ್ನು ಇಡುತ್ತ ಬರಬೇಕು. ಸ್ಥಳ ತಪ್ಪಿ ನಾಳಗಳಿಗೆ ಪೆಟ್ಟಾದರೆ ಜ್ವರ, ಉರಿ, ಊತ, ಕತ್ತು ಸೆಟೆಯುವುದು ಮೊದಲಾದ ವಿಕಾರಗಳು ಉಂಟಾಗುವುವೆಂಬ ಎಚ್ಚರಿಕೆಯನ್ನೂ ಆತನು ಕೊಟ್ಟಿದ್ದಾನೆ.

ಇದರಲ್ಲಿ ಬಿಸಿಲಿನ ಮಾತು ಗಮನಿಸತಕ್ಕದ್ದು. ಬೆಳಕು ಹಾಯುವ ಕಡೆ ಮಾಂಸ ತೆಳುವಾಗಿರುತ್ತದೆ. ದೊಡ್ಡ ನಾಳವಿದ್ದರೆ ನೆರಳಾಗಿ ಕಾಣುತ್ತದೆ. ಇಂದಿನ ವೈದ್ಯರು ಚುಚ್ಚುವ ಮುನ್ನ ಎರಡು ಕಿವಿಗಳ ಮೇಲೂ ಶಾಯಿಯ ಚುಕ್ಕೆಯಿಟ್ಟು, ಮುಂದಿನಿಂದ ಸಮನಾಗಿದೆಯೇ ಎಂದು ನೋಡುತ್ತಾರೆ. ಚುಕ್ಕೆ ಹಾಲೆಯ ಅಂಚಿಗೆ ತೀರ ಹತ್ತಿರವಾದರೆ ಮುಂದೆ ಒಡವೆಯ ಭಾರಕ್ಕೆ ಕಿವಿ ಹರಿಯುತ್ತದೆ. ಆದುದರಿಂದ ಚುಚ್ಚುವ ಮೊದಲು ಆ ಚುಕ್ಕೆಯನ್ನು ತಾಯಿಯೂ ಒಮ್ಮೆ ನೋಡುವುದು ಲೇಸು.

ತಿಂಗಳ ಲೆಕ್ಕವೂ ಇಂದಿಗೆ ಒಪ್ಪುತ್ತದೆ. ನಮ್ಮ ದೇಶದ ಲಸಿಕೆಯ ಕ್ರಮದಂತೆ ಮಗುವಿಗೆ 6, 10 ಮತ್ತು 14 ವಾರಗಳಾದಾಗ ಕೊಡುವ ಚುಚ್ಚುಮದ್ದಿನಲ್ಲಿ ಧನುರ್ವಾಯುವಿನಿಂದ ರಕ್ಷಿಸುವ ಮದ್ದೂ ಸೇರಿರುತ್ತದೆ. ಆರು ತಿಂಗಳು ತುಂಬುವ ವೇಳೆಗೆ ಮೂರು ಸಲದ ಲಸಿಕೆಯೂ ಆಗಿರುತ್ತದೆ. ಕೆಲವು ಮನೆಗಳಲ್ಲಿ ನಾಮಕರಣದ ಜೊತೆಯಲ್ಲಿಯೇ, ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ, ಕಿವಿ ಚುಚ್ಚಿಸುವ ವಾಡಿಕೆಯುಂಟು. ಆಗ ಮಗುವಿಗೆ ಈ ಲಸಿಕೆಯ ಮೊದಲ ಸುತ್ತೂ ಆಗಿರುವುದಿಲ್ಲ; ಹಸುಗೂಸಿಗೆ ಜ್ವರ ಬಂದರೆ ಅದು ಸಣ್ಣ ಮಾತೂ ಅಲ್ಲ. ಶಾಸ್ತ್ರಕ್ಕಾಗಿ ಅಂದು ಅರಿಶಿನ ಕುಂಕುಮವಿಟ್ಟು, ಚುಚ್ಚುವ ಕೆಲಸವನ್ನು ಆರು ತಿಂಗಳ ಅನಂತರಕ್ಕೆ ಇಟ್ಟುಕೊಂಡರೆ ಸಂಪ್ರದಾಯಕ್ಕೂ ಕುಂದಿಲ್ಲ. ಅಳುವ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು ಮಾತ್ರ ಬೇಡ; ವರ್ಷ ತುಂಬದ ಕೂಸಿಗೆ ಜೇನು ಸಲ್ಲದು. ತಾಯಿಯ ಹಾಲಿಗಿಂತ ಬೇರೆ ಸಮಾಧಾನ ಅದಕ್ಕೆ ಬೇಕಿಲ್ಲ.

ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳುವವರುಂಟೆ ಎಂದು ಗಾದೆ. ಚಿನ್ನದ ತಂತಿಯೆಂಬ ಕಾರಣಕ್ಕೆ ಅದು ಶುದ್ಧವೆಂದು ನಂಬುವುದೂ ಅಂಥದೇ. ನಮ್ಮ ಅಕ್ಕಸಾಲಿಗರು ಮೊನೆ ಮಾಡಿದ ಚಿನ್ನದ ತಂತಿಯಿಂದಲೇ ಚುಚ್ಚಿ, ಅದನ್ನೇ ಬಳೆಯಂತೆ ಬಾಗಿಸಿ ಬಿಡುವುದುಂಟು. ಅವರ ಕೈಚಳಕ ಮೆಚ್ಚತಕ್ಕದ್ದೇ. ಆದರೆ ಕೈಚಳಕಕ್ಕೂ ರೋಗಾಣುಗಳಿಗೂ ಸಂಬಂಧವಿಲ್ಲ. ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ಬಿ ರೋಗದ ವೈರಾಣು ದೇಹದ ಹೊರಗೆ ಏಳು ದಿನಗಳವರೆಗೂ ಜೀವ ಹಿಡಿದುಕೊಂಡಿರಬಲ್ಲದು. ಒಬ್ಬರಿಗೆ ಬಳಸಿದ ಸೂಜಿಯನ್ನು ಬಟ್ಟೆಯಲ್ಲಿ ಒರಸಿ ಇನ್ನೊಬ್ಬರಿಗೆ ಬಳಸಿದರೆ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಪೊಟ್ಟಣವನ್ನು ಕಣ್ಣೆದುರಿಗೆ ಒಡೆದು ತೆಗೆದ ಹೊಸ ಸೂಜಿ, ಹೊಸ ಕೈಗವಸು, ಒತ್ತಡದ ಹಬೆಯಲ್ಲಿ ಶುದ್ಧಿ ಮಾಡಿದ ಓಲೆ, ಇವು ಮೂರನ್ನೂ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಗಾಯ ಮಾಗುವ ಬಗೆ

ಸೊಸೆಗೆ ಕಿವಿ ಒಣಗಿದಂತೆ ಕಂಡದ್ದೂ ಸುಳ್ಳಲ್ಲ. ಅತ್ತೆ ಹಸಿಯಿದೆ ಎಂದದ್ದೂ ಸುಳ್ಳಲ್ಲ. ಕಿವಿಯನ್ನು ಚುಚ್ಚಿದಾಗ ಮುಂದಿನ ಚರ್ಮದಿಂದ ಹಿಂದಿನ ಚರ್ಮದವರೆಗೆ ಒಂದು ಸಣ್ಣ ಸುರಂಗ ಉಂಟಾಗುತ್ತದೆ. ಆ ಸುರಂಗದ ಗೋಡೆಗೆ ಚರ್ಮವಿಲ್ಲ. ಅದು ಬರಿಯ ಮಾಂಸ. ಹೊಸ ಚರ್ಮವು ಎರಡು ಬಾಯಿಗಳಿಂದಲೂ ಒಳಕ್ಕೆ ಬೆಳೆಯುತ್ತ ಬಂದು ನಡುವೆ ಕೂಡಿಕೊಳ್ಳಬೇಕು. ಆದುದರಿಂದ ಮೊದಲು ಮಾಗುವುದು ಹೊರಗೆ, ಕೊನೆಗೆ ಮಾಗುವುದು ನಡುವೆ. ಹೊಸದಾಗಿ ಎಬ್ಬಿಸಿದ ಮಣ್ಣಿನ ಗೋಡೆ ಮೇಲೆ ಒಣಗಿದ್ದರೂ ಒಳಗೆ ಒದ್ದೆಯಾಗಿರುವಂತೆ, ಮೂರು ವಾರದ ಕಿವಿ ಹೊರಗೆ ಅಂದವಾಗಿದ್ದು ಒಳಗೆ ಹಸಿಯಾಗಿರುತ್ತದೆ.

ಕೆಳಗಿನ ಮೆತ್ತನೆಯ ಹಾಲೆಯು ಮಾಗಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಕೆಲವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುವುದುಂಟು. ಅಲ್ಲಿಯವರೆಗೆ ಮೊದಲು ಹಾಕಿದ ಓಲೆಯನ್ನು ತೆಗೆಯತಕ್ಕದ್ದಲ್ಲ. ತೆಗೆದರೆ ಹಸಿಯಾದ ಸುರಂಗ ಗಂಟೆಗಳಲ್ಲಿಯೇ ಕುಗ್ಗತೊಡಗಬಹುದು. ಮತ್ತೆ ತೂರಿಸಲು ಹೋದರೆ ಬೆಳೆಯುತ್ತಿದ್ದ ಎಳೆಯ ಚರ್ಮ ಹರಿಯುತ್ತದೆ.

ಹಿಂದೆ ಓಲೆಯನ್ನು ದಿನವೂ ಒಂದೆರಡು ಸುತ್ತು ತಿರುಗಿಸಬೇಕೆಂಬ ಸಲಹೆಯಿತ್ತು. ತಿರುಗಿಸದಿದ್ದರೆ ಮಾಂಸ ಅಂಟಿಕೊಳ್ಳುವುದೆಂಬ ಭಯ ಅದಕ್ಕೆ ಕಾರಣ. ಇಂದು ಈ ವಿಷಯವನ್ನು ಬಲ್ಲವರು ಅದನ್ನು ಬೇಡವೆನ್ನುತ್ತಾರೆ. ಒಣಗಿದ ರಸ ಕಡ್ಡಿಗೆ ಅಂಟಿರುತ್ತದೆ. ತಿರುಗಿಸಿದಾಗ ಅದು ಒಳಗೆ ಉಜ್ಜಿ ಗೀರುತ್ತದೆ. ಗಾಯದ ಹಕ್ಕಳೆಯನ್ನು ದಿನವೂ ಕೀಳುವ ಹುಡುಗನ ಮೊಣಕಾಲು ಬೇಗ ವಾಸಿಯಾಗುವುದುಂಟೆ?

ದಿನದ ಆರೈಕೆ

ಆರೈಕೆಯ ಮೊದಲ ಪಾಠ ಕೈ ತೊಳೆಯುವುದು. ಸಾಬೂನು ಹಚ್ಚಿ ಕೈ ತೊಳೆಯದೆ ಹೊಸ ಕಿವಿಯನ್ನು ಮುಟ್ಟತಕ್ಕದ್ದಲ್ಲ. ಮಗುವನ್ನು ನೋಡಲು ಬಂದವರು ‘ಎಲ್ಲಿ, ಓಲೆ ನೋಡೋಣ’ ಎಂದು ಕಿವಿ ಹಿಡಿಯುವುದನ್ನೂ ನಯವಾಗಿಯೇ ತಡೆಯಬೇಕು.

ಎರಡನೆಯದು ಉಪ್ಪಿನ ನೀರು. ಔಷಧದಂಗಡಿಯಲ್ಲಿ ‘ನಾರ್ಮಲ್ ಸಲೈನ್’ ಎಂದು ಸಿಕ್ಕುವ ದ್ರವದಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ. ಇದು ನಮ್ಮ ರಕ್ತದ ರಸಕ್ಕೆ ಹೊಂದುವ ಪ್ರಮಾಣವಾದುದರಿಂದ ಗಾಯ ಉರಿಯುವುದಿಲ್ಲ. ಚಿಕ್ಕ ಸೀಸೆಗಳನ್ನು ಕೊಂಡರೆ ಒಡೆದದ್ದು ಬಹುದಿನ ಉಳಿಯುವುದಿಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಇದರಲ್ಲಿ ಶುಭ್ರವಾದ ಬಟ್ಟೆಯ ತುಂಡನ್ನು ನೆನೆಸಿ, ಕಿವಿಯ ಹಿಂದೆಯೂ ಮುಂದೆಯೂ ಸ್ವಲ್ಪ ಹೊತ್ತು ಇಟ್ಟರೆ ಒಣಗಿದ ಹಕ್ಕಳೆ ತಾನಾಗಿ ಮೆತ್ತಗಾಗಿ ಬರುತ್ತದೆ. ಬರದಿದ್ದರೆ ಉಗುರಿನಿಂದ ಕೀಳುವುದು ಬೇಡ; ನಾಳೆ ಬರುತ್ತದೆ. ಹತ್ತಿಯ ಎಳೆಗಳು ಕಡ್ಡಿಗೆ ಸುತ್ತಿಕೊಳ್ಳುವುದರಿಂದ ಬಿಡಿಹತ್ತಿಗಿಂತ ಔಷಧದಂಗಡಿಯ ಗಾಜುಬಟ್ಟೆ ಒಳ್ಳೆಯದು. ತೊಳೆದ ಮೇಲೆ ಒದ್ದೆಯನ್ನು ಒತ್ತಿ ಒಣಗಿಸಬೇಕು. ಸ್ಪಿರಿಟ್ಟು, ಹೈಡ್ರೊಜನ್ ಪೆರಾಕ್ಸೈಡು ಮುಂತಾದವು ರೋಗಾಣುಗಳ ಜೊತೆಗೆ ಹೊಸ ಚರ್ಮವನ್ನೂ ಸುಡುತ್ತವೆ. ದಿನದ ಬಳಕೆಗೆ ಅವು ಸಲ್ಲವು.

ಇಲ್ಲಿ ಅಜ್ಜಿಯರ ಕೊಬ್ಬರಿ ಎಣ್ಣೆ ಮತ್ತು ಅರಿಶಿನದ ಪ್ರಶ್ನೆ ಏಳುತ್ತದೆ. ಎಣ್ಣೆಯಿಂದ ಹಕ್ಕಳೆ ಮೆತ್ತಗಾಗುತ್ತಿತ್ತು, ದಿನವೂ ಕಿವಿಯ ಕಡೆ ಒಮ್ಮೆ ಕಣ್ಣು ಬೀಳುತ್ತಿತ್ತು. ಅಷ್ಟರಮಟ್ಟಿಗೆ ಅದರಲ್ಲಿ ವಿವೇಕವಿತ್ತು. ಆದರೆ ಅಡುಗೆಮನೆಯ ಅರಿಶಿನದ ಪುಡಿಯಲ್ಲಿ ಧೂಳೂ ಅಣುಜೀವಿಗಳೂ ಇರಬಹುದು. ಎಣ್ಣೆಯ ಜಿಡ್ಡು ಅವನ್ನೆಲ್ಲ ಗಾಯದ ಬಾಯಲ್ಲಿಯೇ ಹಿಡಿದಿಡುತ್ತದೆ. ಬೇವಿನ ಕಡ್ಡಿಯ ಕಥೆಯೂ ಇದೇ. ರಂಧ್ರ ಮುಚ್ಚದಿರಲೆಂದು ಇಡುತ್ತಿದ್ದ ಅದರ ಉದ್ದೇಶ ಸರಿ. ಆದರೆ ಮರದ ಸಿಬಿರು ಹಸಿಗಾಯಕ್ಕೆ ತಕ್ಕ ಸಂಗಾತಿಯಲ್ಲ. ಅಜ್ಜಿಯ ಶ್ರದ್ಧೆಯನ್ನು ಉಳಿಸಿಕೊಂಡು, ಬಟ್ಟಲಿನಲ್ಲಿರುವುದನ್ನು ಮಾತ್ರ ಬದಲಿಸಿಕೊಂಡರಾಯಿತು.

ಇನ್ನು ಸಣ್ಣ ಪುಟ್ಟ ಎಚ್ಚರಿಕೆಗಳು. ತಲೆಗೆ ನೀರು ಹಾಕಿದ ದಿನ ಸೀಗೆಪುಡಿಯೋ ಶಾಂಪುವೋ ಕಿವಿಯ ಹಿಂದೆ ನಿಲ್ಲದಂತೆ ಧಾರಾಳವಾಗಿ ನೀರು ಹೊಯ್ಯಬೇಕು. ದಿಂಬಿನ ಬಟ್ಟೆಯನ್ನು ಮೇಲಿಂದ ಮೇಲೆ ಬದಲಾಯಿಸಬೇಕು. ಮಗುವಿಗೆ ಹೆಣೆದ ಉಣ್ಣೆಯ ಕುಲಾವಿ ತೊಡಿಸಿದರೆ ಅದರ ಎಳೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಅಂಗಿ ತೊಡಿಸುವಾಗಲೂ ಕಿವಿಯ ಮೇಲೆ ಗಮನವಿರಬೇಕು. ದೊಡ್ಡ ಹುಡುಗಿಯರಾದರೆ ಕೂದಲನ್ನು ಕಟ್ಟಿಕೊಳ್ಳಬೇಕು, ಮೊಬೈಲನ್ನು ಒರಸಿ ಹಿಡಿಯಬೇಕು, ಹೆಲ್ಮೆಟ್ಟನ್ನು ನಿಧಾನವಾಗಿ ಹಾಕಿ ತೆಗೆಯಬೇಕು. ಗಾಯ ಮಾಗುವವರೆಗೆ ಈಜುಕೊಳ, ಕೆರೆ, ಹೊಳೆಗಳಲ್ಲಿ ಮುಳುಗಿ ಸ್ನಾನ ಬೇಡ.

ಯಾವುದು ಸಹಜ, ಯಾವುದು ಅಪಾಯ?

ಮೊದಲ ಕೆಲವು ದಿನ ಕಿವಿ ಸ್ವಲ್ಪ ಕೆಂಪಾಗಿ ಊದಿಕೊಳ್ಳುವುದು, ಮುಟ್ಟಿದರೆ ನೋಯುವುದು, ತಿಳಿಯಾದ ರಸ ಒಸರಿ ಹಳದಿಯ ಹಕ್ಕಳೆ ಕಟ್ಟುವುದು ಸಹಜ. ಇದನ್ನು ಕೀವೆಂದು ತಿಳಿದು ಗಾಬರಿಯಾಗಬೇಕಾಗಿಲ್ಲ. ನೋವು ದಿನದಿನಕ್ಕೆ ಇಳಿಯುತ್ತಿದ್ದರೆ ಗಾಯ ದಾರಿಯಲ್ಲಿದೆಯೆಂದೇ ಅರ್ಥ. ನೋವು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಕಿವಿ ಬಿಸಿಯಾಗಿದ್ದರೆ, ಗಟ್ಟಿಯಾದ ಹಸುರು ಹಳದಿಯ ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ ಆ ದಿನವೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಇಂಥ ಸಮಯದಲ್ಲಿ ಮನೆಯವರಿಗೆ ಮೊದಲು ತೋರುವುದು ಓಲೆಯನ್ನು ತೆಗೆದುಬಿಡುವುದು. ವೈದ್ಯರು ಹೇಳದೆ ಹಾಗೆ ಮಾಡಬಾರದು. ಕಡ್ಡಿಯನ್ನು ತೆಗೆದರೆ ರಂಧ್ರದ ಎರಡು ಬಾಯಿಯೂ ಮುಚ್ಚಿ ಕೀವು ಒಳಗೆ ಸಿಕ್ಕಿಬೀಳಬಹುದು. ಇನ್ನೊಂದು ತೊಂದರೆ ಬಿಗಿಯಾದ ತಿರುಪಿನಿಂದ ಬರುತ್ತದೆ. ಚುಚ್ಚಿದ ಕಿವಿ ಊದುವುದು ನಿಶ್ಚಯವಾದುದರಿಂದ ಮೊದಲ ಓಲೆಯ ಕಡ್ಡಿ ಹಾಲೆಯ ದಪ್ಪಕ್ಕಿಂತ ತುಸು ಉದ್ದವಾಗಿರಬೇಕು. ಬೀಳದಿರಲೆಂದು ತಿರುಪನ್ನು ಒತ್ತಿ ಬಿಗಿದರೆ ಊದಿದ ಮಾಂಸ ಅದರ ಸುತ್ತ ಬೆಳೆದು ತಿರುಪೇ ಕಿವಿಯೊಳಗೆ ಹುದುಗಿಹೋಗುವುದುಂಟು. ಆಮೇಲೆ ಅದನ್ನು ವೈದ್ಯರೇ ಬಿಡಿಸಿ ತೆಗೆಯಬೇಕಾಗುತ್ತದೆ. ತಿರುಪಿಗೂ ಚರ್ಮಕ್ಕೂ ನಡುವೆ ಸ್ವಲ್ಪ ಜಾಗ ಕಾಣುತ್ತಿರಬೇಕು.

ಮತ್ತೊಂದು ಬಗೆಯ ತೊಂದರೆ ವಂಶದಿಂದ ಬರತಕ್ಕದ್ದು. ಕೆಲವರ ಚರ್ಮದಲ್ಲಿ ಸಣ್ಣ ಗಾಯವೂ ಉಬ್ಬಿ ಗಂಟಾಗಿ ಬೆಳೆಯುತ್ತದೆ. ವೈದ್ಯರು ಇದನ್ನು ಕೀಲಾಯ್ಡ್ ಎನ್ನುತ್ತಾರೆ. ಕಿವಿಯ ಹಾಲೆ ಇದಕ್ಕೆ ಒಲಿದ ಸ್ಥಳ. ಚರ್ಮದ ಬಣ್ಣ ಗಾಢವಾದಷ್ಟೂ ಇದರ ಸಂಭವ ಹೆಚ್ಚು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಸ್ವಭಾವವಿದ್ದವರ ಪೈಕಿ ಹನ್ನೊಂದು ವರ್ಷಕ್ಕೆ ಮೊದಲು ಕಿವಿ ಚುಚ್ಚಿಸಿಕೊಂಡವರಿಗಿಂತ ಆಮೇಲೆ ಚುಚ್ಚಿಸಿಕೊಂಡವರಲ್ಲಿ ಗಂಟುಗಳು ಹೆಚ್ಚಾಗಿ ಕಂಡುಬಂದುವು. ತಂದೆ ತಾಯಿಯರಿಗಾಗಲಿ ಒಡಹುಟ್ಟಿದವರಿಗಾಗಲಿ ಇಂಥ ಗಂಟುಗಳಿದ್ದರೆ ಹರೆಯದ ಹುಡುಗಿ ಎರಡನೆಯ ಮೂರನೆಯ ರಂಧ್ರಕ್ಕೆ ಆಸೆಪಡುವ ಮುನ್ನ ಚರ್ಮವೈದ್ಯರನ್ನು ಕೇಳುವುದು ವಿವೇಕ.

ಓಲೆ ಬದಲಿಸುವ ದಿನ

ಎಂಟು ವಾರ ತುಂಬಿತು. ನೋವಿಲ್ಲ, ಊತವಿಲ್ಲ, ರಸವಿಲ್ಲ. ಈಗ ಓಲೆಯನ್ನು ಬದಲಿಸಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬಂತೆ ಈ ದಿನದ ಒರಟುತನ ಎರಡು ತಿಂಗಳ ಶ್ರಮವನ್ನು ಕೆಡಿಸಬಹುದು.

ಹೊರಗೆ ಹೊರಡುವ ಗಡಿಬಿಡಿಯಲ್ಲಿ ಈ ಕೆಲಸಕ್ಕೆ ಕೈಯಿಕ್ಕಬಾರದು. ಬೆಳಕಿರುವ ಹೊತ್ತಿನಲ್ಲಿ, ನೆಲದ ಮೇಲೆ ಬಿಳಿಯ ಬಟ್ಟೆ ಹಾಸಿ ಕುಳಿತರೆ ಕೈಜಾರಿದ ತಿರುಪು ಕಳೆದುಹೋಗುವುದಿಲ್ಲ. ಬಚ್ಚಲಿನ ಬಳಿ ನಿಂತರೆ ಅದು ನೀರಿನ ಪಾಲು. ಹೊಸ ಓಲೆಯ ಕಡ್ಡಿಯನ್ನು ತೊಳೆದು ಸ್ಪಿರಿಟ್ಟಿನಿಂದ ಒರಸಿ ಒಣಗಲು ಬಿಡಬೇಕು. ಕೈ ತೊಳೆದು, ಕಿವಿಗೆ ಉಪ್ಪುನೀರಿನ ಒದ್ದೆಬಟ್ಟೆಯಿಟ್ಟು ಹಕ್ಕಳೆಯಿದ್ದರೆ ನೆನೆಸಬೇಕು. ಒಂದು ಕೈಯಿಂದ ಓಲೆಯ ಮುಂಭಾಗವನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ತಿರುಪನ್ನು ಬಿಚ್ಚಬೇಕು. ಕಡ್ಡಿಯನ್ನು ನೇರವಾಗಿ ಎಳೆಯಬೇಕು, ಓರೆಯಾಗಿ ಜಗ್ಗಬಾರದು.

ಒಂದು ಕಿವಿಯದನ್ನು ತೆಗೆದು, ಹೊಸದನ್ನು ಹಾಕಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟುವುದು ಒಳ್ಳೆಯ ಕ್ರಮ. ಹಾಕುವಾಗ ಹಾಲೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ಹಿಡಿದರೆ ಸುರಂಗ ನೇರವಾಗುತ್ತದೆ. ಕಡ್ಡಿ ನಡುವೆ ತಡೆದರೆ ಬಲದಿಂದ ತೂರಿಸದೆ, ಹಿಂದಕ್ಕೆ ತೆಗೆದು ಕೋನ ಬದಲಿಸಿ ನೋಡಬೇಕು. ಆಗಲೂ ಹೋಗದಿದ್ದರೆ, ರಕ್ತ ಬಂದರೆ, ಮೊದಲಿನ ಓಲೆಯನ್ನೇ ಮತ್ತೆ ಇಟ್ಟು ಇನ್ನೂ ಕೆಲವು ವಾರ ಕಾಯಬೇಕು. ಅದೂ ಹೋಗದಿದ್ದರೆ ಚುಚ್ಚಿದವರ ಬಳಿಗೆ ಅಂದೇ ಹೋಗುವುದು ಮೇಲು.

ಬದಲಿಸಿದ ಮೇಲೂ ಕಿವಿಯನ್ನು ಬಹಳ ಹೊತ್ತು ಬರಿದಾಗಿ ಬಿಡಬಾರದು. ಹೊಸ ರಂಧ್ರ ಹಲವು ತಿಂಗಳವರೆಗೂ ಕುಗ್ಗುವ ಸ್ವಭಾವದ್ದು. ರಾತ್ರಿ ಮಲಗುವಾಗ ಜುಮುಕಿ ತೆಗೆದರೆ ಹಗುರವಾದ ಸಣ್ಣ ಓಲೆಯೊಂದನ್ನು ಹಾಕಿರಬೇಕು. ಶಿಶುಗಳಿಗಾದರೆ ತೂಗಾಡುವ ಲೋಲಕವೇ ಬೇಡ. ಪುಟ್ಟ ಕೈ ಅದನ್ನು ಹಿಡಿದು ಎಳೆಯುತ್ತದೆ. ತಿರುಪು ಸಡಿಲವಾಗಿದೆಯೇ ಎಂದು ದಿನವೂ ನೋಡಬೇಕು, ಏಕೆಂದರೆ ಬಿದ್ದ ತಿರುಪು ಮಗುವಿನ ಬಾಯಿಗೆ ಹೋಗುತ್ತದೆ. ಅಲ್ಲಿಂದ ಉಸಿರಿನ ಕೊಳವೆಗೂ ಇಳಿಯಬಹುದು.

ಮೇಲುಗಿವಿಯ ಮಾತು

ಕಿವಿಯ ಮೇಲಂಚನ್ನು ಚುಚ್ಚಿಸುವುದು ಇಂದಿನ ಕಾಲೇಜು ಹುಡುಗಿಯರ ಷೋಕಿಯೆಂದು ಹಿರಿಯರು ಮೂಗುಮುರಿಯುವುದುಂಟು. ಆದರೆ ಅವರ ಅಜ್ಜಿಯರೇ ಬುಗುಡಿ ಇಟ್ಟುಕೊಳ್ಳುತ್ತಿದ್ದುದು ಅದೇ ಮೇಲುಗಿವಿಗೆ. ಷೋಕಿ ಹೊಸದಲ್ಲ, ಅದರ ಅಪಾಯವೂ ಹೊಸದಲ್ಲ.

ಕೆಳಗಿನ ಹಾಲೆ ಮಾಂಸ ಮತ್ತು ಕೊಬ್ಬಿನದು. ಅದರಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ. ಮೇಲಿನದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ. ಮೇಲೆ ಹೊದ್ದ ತೆಳುವಾದ ಪೊರೆಯಿಂದಲೇ ಅದರ ಪೋಷಣೆ. ಆದುದರಿಂದ ಅಲ್ಲಿಯ ಗಾಯ ಮಾಗಲು ತಿಂಗಳುಗಳೇ ಬೇಕು. ಒಂದು ವರ್ಷ ಹಿಡಿಯುವುದೂ ಉಂಟು. ಅಲ್ಲಿ ಕೀವಾದರೆ ಪೊರೆ ಎದ್ದು, ಮೃದ್ವಸ್ಥಿ ಪೋಷಣೆಯಿಲ್ಲದೆ ಕರಗಿ, ಕಿವಿ ಮುರುಟಿಹೋಗುತ್ತದೆ. ಹಾಗೆ ಮುರುಟಿದ ಕಿವಿಯನ್ನು ಮತ್ತೆ ಮೊದಲಿನ ರೂಪಕ್ಕೆ ತರುವುದು ಬಹಳ ಕಷ್ಟ.

ಇದನ್ನು ಉಂಟುಮಾಡುವ ಅಣುಜೀವಿಗಳಲ್ಲಿ ಮುಖ್ಯವಾದ ಸೂಡೊಮೊನಾಸ್ ಎಂಬುದು ನೀರಿನಲ್ಲಿ, ತೇವದಲ್ಲಿ ಬೆಳೆಯತಕ್ಕದ್ದು. 2000ದಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಒಂದೇ ಕಡೆ ಮೇಲುಗಿವಿ ಚುಚ್ಚಿಸಿಕೊಂಡ ಹಲವರಿಗೆ ಈ ಸೋಂಕು ತಗಲಿ, ಕೆಲವರು ಆಸ್ಪತ್ರೆ ಸೇರಿ ಶಸ್ತ್ರಚಿಕಿತ್ಸೆಗೆ ಒಳಗಾದರು. ವಿಚಾರಿಸಿ ನೋಡಿದಾಗ ಶುದ್ಧಿಗೆಂದು ಸಿಂಪಡಿಸುತ್ತಿದ್ದ ದ್ರವದ ಸೀಸೆಯಲ್ಲಿಯೇ ಆ ಅಣುಜೀವಿ ನೆಲೆಸಿತ್ತು! ಮನೆಯಲ್ಲಿ ಉಳಿದಿರುವ ಸಾಮಾನ್ಯ ಕೀವಿನ ಮಾತ್ರೆಗಳಲ್ಲಿ ಹೆಚ್ಚಿನವು ಇದರ ಮುಂದೆ ನಿಷ್ಫಲ. ಮೇಲುಗಿವಿ ಕೆಂಪಾಗಿ ಊದಿ, ಕೆಳಗಿನ ಹಾಲೆ ಮಾತ್ರ ಸರಿಯಾಗಿ ಕಂಡರೆ ಮೃದ್ವಸ್ಥಿಗೆ ಸೋಂಕು ತಗಲಿರಬಹುದು. ನಾಳೆ ನೋಡೋಣವೆನ್ನದೆ ವೈದ್ಯರನ್ನು ಕಾಣಬೇಕು.

ಗುಂಡಿಯೊತ್ತಿ ಸಿಡಿಸುವ ಪಿಸ್ತೂಲಿನಂಥ ಯಂತ್ರವು ಮೇಲುಗಿವಿಗೆ ತಕ್ಕುದಲ್ಲ. ಮೊಂಡಾದ ಕಡ್ಡಿಯ ಹೊಡೆತಕ್ಕೆ ಮೃದ್ವಸ್ಥಿ ಸೀಳಬಹುದು. ಪ್ಲಾಸ್ಟಿಕ್ಕಿನ ಭಾಗಗಳಿರುವ ಅನೇಕ ಯಂತ್ರಗಳನ್ನು ಹಬೆಯಲ್ಲಿ ಪೂರ್ಣವಾಗಿ ಶುದ್ಧಮಾಡಲೂ ಆಗದು. ಅಲ್ಲಿಗೆ ಟೊಳ್ಳಾದ ಹೊಸ ಸೂಜಿಯೇ ಯೋಗ್ಯ. ಮಗಳು ಹಟ ಹಿಡಿದಾಗ ತಾಯಿ ‘ಬೇಡ’ವೆಂದು ಗದರಿಸಿದರೆ ಅವಳು ಗೆಳತಿಯರೊಡನೆ ಎಲ್ಲಿಯೋ ಚುಚ್ಚಿಸಿಕೊಂಡು ಕೂದಲಿನಲ್ಲಿ ಮರೆಮಾಡಿಕೊಂಡು ಬಂದಾಳು, ಕೀವಾದರೂ ಹೇಳಲಾರಳು. ಜೊತೆಯಲ್ಲಿ ಹೋಗಿ ಒಳ್ಳೆಯ ಕಡೆ ಚುಚ್ಚಿಸುವ ತಾಯಿಯೇ ಜಾಣೆ.

ಲೋಹ ಮತ್ತು ತೂಕ

ಹೊಸ ಕಿವಿಗೆ 22 ಕ್ಯಾರಟ್ಟಿನ ಚಿನ್ನ ಅಥವಾ ಟೈಟಾನಿಯಮ್ ಒಳ್ಳೆಯದು. 22 ಕ್ಯಾರಟ್ಟಿನಲ್ಲಿ ನೂರಕ್ಕೆ 91.6 ಪಾಲು ಚಿನ್ನವಿರುತ್ತದೆ. ‘916’ ಎಂಬ ಮುದ್ರೆಯ ಅರ್ಥ ಇದೇ. 2021ರಲ್ಲಿ ನಮ್ಮಲ್ಲಿ ಹಾಲ್‌ಮಾರ್ಕ್ ಮುದ್ರೆ ಕಡ್ಡಾಯವಾಗತೊಡಗಿದಾಗ ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಿಗೆ ವಿನಾಯಿತಿ ಕೊಡಲಾಯಿತು. ಮಗುವಿನ ಓಲೆ ಈ ತೂಕದೊಳಗೇ ಬರಬಹುದು. ಆದುದರಿಂದ ಅದನ್ನು ನಂಬಿಕೆಯ ಅಂಗಡಿಯಲ್ಲಿ ರಸೀತಿ ಪಡೆದು ಕೊಳ್ಳುವುದು ಕ್ಷೇಮ.

ಗಿಲೀಟಿನ ಓಲೆಗಳಲ್ಲಿ, ಕೆಲವು ಬಗೆಯ ಬಿಳಿಯ ಚಿನ್ನದಲ್ಲಿಯೂ, ನಿಕ್ಕಲ್ ಎಂಬ ಲೋಹ ಬೆರೆತಿರುತ್ತದೆ. ಅದು ಒಗ್ಗದವರಿಗೆ ಎರಡು ಕಿವಿಗಳೂ ಕೆರೆದು, ಹೊಟ್ಟೆದ್ದು, ನೀರೊಡೆಯುತ್ತವೆ. ನೋವಿಗಿಂತ ತುರಿಕೆಯೇ ಹೆಚ್ಚಾಗಿದ್ದರೆ ಇದನ್ನು ಶಂಕಿಸಬೇಕು. ಒಮ್ಮೆ ಈ ಒಗ್ಗದಿಕೆ ಬಂದರೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಗಡಿಯಾರದ ಪಟ್ಟಿ, ಉಡುಪಿನ ಲೋಹದ ಗುಂಡಿಗಳೂ ತೊಂದರೆ ಕೊಡುತ್ತವೆ. ಯೂರೋಪಿನ ರಾಷ್ಟ್ರಗಳು 1994ರಲ್ಲಿಯೇ ಕಿವಿಯ ಒಡವೆಗಳಲ್ಲಿ ನಿಕ್ಕಲನ್ನು ಮಿತಿಗೊಳಿಸುವ ನಿಯಮ ಮಾಡಿದುವೆಂಬುದರಿಂದ ಇದು ಎಷ್ಟು ಸಾಮಾನ್ಯವಾದ ತೊಂದರೆಯೆಂದು ಊಹಿಸಬಹುದು. ಮಾಗಿದ ಕಿವಿಗೆ ಒಂದು ಸಂಜೆ ಗಿಲೀಟು ಹಾಕಿದರೆ ಎಲ್ಲರಿಗೂ ಕೇಡಾಗದು. ಹಸಿಯಾದ ಕಿವಿಗೆ ಮಾತ್ರ ಅದನ್ನು ಹಾಕಲೇಬಾರದು.

ಕೊನೆಯದು ತೂಕ. ಭಾರವಾದ ಜುಮುಕಿಯ ಜೊತೆಗೆ ಕಿವಿಯ ಮೇಲಿಂದ ಕೂದಲಿಗೆ ಸಿಕ್ಕಿಸುವ ಮಾಟಿಯನ್ನು ಕಂಡುಹಿಡಿದವರು ಅಲಂಕಾರವನ್ನಷ್ಟೇ ಯೋಚಿಸಿರಲಾರರು. ಭಾರ ಹಾಲೆಯ ಮೇಲೆ ಬೀಳದೆ ಹಂಚಿಹೋಗಲೆಂಬುದೂ ಅದರ ಉಪಯೋಗ. ಮದುವೆ ನಿಶ್ಚಯವಾದ ಹುಡುಗಿ ಹೊಸದಾಗಿ ಕಿವಿ ಚುಚ್ಚಿಸುವುದಾದರೆ ಲಗ್ನಕ್ಕೆ ಹಲವು ತಿಂಗಳು ಮೊದಲೇ ಚುಚ್ಚಿಸಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲಲ್ಲ. ಭಾರದಿಂದ ರಂಧ್ರ ಉದ್ದವಾಗಿ ಹಾಲೆ ಹರಿದುಹೋದ ಹಿರಿಯರೂ ನಿರಾಶರಾಗಬೇಕಾಗಿಲ್ಲ. ಹರಿದ ಕಿವಿಯನ್ನು ಕೂಡಿಸುವ ಹದಿನೈದು ಬಗೆಗಳನ್ನು ಸುಶ್ರುತನೇ ಹೆಸರಿಸಿದ್ದಾನೆ. ಇಂದು ಆ ಜಾಗವನ್ನಷ್ಟೇ ಮರಗಟ್ಟಿಸಿ ಹೊಲಿಯುತ್ತಾರೆ. ಹೊಲಿಗೆ ಮಾಗಿದ ಕೆಲವು ತಿಂಗಳ ಮೇಲೆ, ಅದೇ ಗೆರೆಯನ್ನು ಬಿಟ್ಟು ಪಕ್ಕದಲ್ಲಿ ಮತ್ತೆ ಚುಚ್ಚಿಸಿಕೊಳ್ಳಬಹುದು.

ಇಷ್ಟೆಲ್ಲ ಹೇಳಿದರೂ ನೆನಪಿಡತಕ್ಕ ಮಾತು ಸ್ವಲ್ಪವೇ. ಚುಚ್ಚುವ ಸೂಜಿ ಶುದ್ಧವಾಗಿರಲಿ, ಮುಟ್ಟುವ ಕೈ ಶುದ್ಧವಾಗಿರಲಿ, ಒಡವೆ ಹಗುರವಾಗಿರಲಿ, ಉಳಿದುದನ್ನು ಕಾಲಕ್ಕೆ ಬಿಡಲಿ. ತವರಿನಿಂದ ಬಂದ ಜುಮುಕಿ ಪೆಟ್ಟಿಗೆಯಲ್ಲಿ ಇನ್ನೊಂದು ತಿಂಗಳು ಇದ್ದರೆ ಅದರ ಹೊಳಪೇನೂ ಕುಂದುವುದಿಲ್ಲ. ಕಿವಿ ಮಾತ್ರ ಒಮ್ಮೆ ಕೆಟ್ಟರೆ ಅದಕ್ಕೆ ಬದಲಿ ಕಿವಿ ಯಾವ ಚಿನಿವಾರಪೇಟೆಯಲ್ಲಿಯೂ ಸಿಕ್ಕದು.